ತಿಂಗಳ ಆದಾಯದ ಅರ್ಧ ಕೊಡುವ ಕ್ಲೈಂಟನ್ನು ಬಿಡೋದು ಯಾವಾಗ? ಪಿಆರ್ ಕೆಲಸದಲ್ಲಿರೋರು ದಯವಿಟ್ಟು ಹೇಳಿ

ಬಸವನಗುಡಿ_ಬೆಳಗು · ಸೋಮವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಗಾಂಧಿಬಜಾರ್ ಹತ್ತಿರ ಒಂದು ಸಣ್ಣ ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿ ನಡೆಸುತ್ತಿದ್ದೇನೆ. ನಾವು ನಾಲ್ಕೇ ಜನ, ಆರು ಕ್ಲೈಂಟ್. ಅದರಲ್ಲಿ ಒಬ್ಬರು ಬಿಲ್ಡರ್, ಲೇಔಟ್ ಮತ್ತು ಅಪಾರ್ಟ್‌ಮೆಂಟ್ ಎರಡೂ ಮಾಡುತ್ತಾರೆ. ತಿಂಗಳಿಗೆ 1,75,000 ರೂಪಾಯಿ ರಿಟೈನರ್, ಅಂದರೆ ನಿಗದಿ ಫೀಸು. ನಮ್ಮ ಆದಾಯದ ಹತ್ತಿರಹತ್ತಿರ ಅರ್ಧ ಇವರೊಬ್ಬರಿಂದಲೇ.

ಎರಡು ವರ್ಷ ಚೆನ್ನಾಗಿತ್ತು. ಈಗ ಕಷ್ಟ ಆಗುತ್ತಿದೆ.

ಮೊದಲು ದುಡ್ಡಿನ ಮಾತು. ಮೂರು ತಿಂಗಳಿಂದ ಒಂದು ರೂಪಾಯಿ ಬಂದಿಲ್ಲ. "ಅಕೌಂಟ್ಸ್‌ನಲ್ಲಿದೆ, ಸೋಮವಾರ ಆಗುತ್ತೆ" ಅನ್ನುತ್ತಾರೆ. ಹನ್ನೆರಡು ಸೋಮವಾರ ಕಳೆದವು. ಜಿಎಸ್‌ಟಿ ಮಾತ್ರ ನಾನು ತಿಂಗಳು ತಿಂಗಳು ಕಟ್ಟಲೇಬೇಕಲ್ಲ? ಶೇ 18 ಅಂದರೆ ತಿಂಗಳಿಗೆ 31,500. ಅಂತೂ 94,500 ನನ್ನ ಕೈಯಿಂದ ಹೋಗಿದೆ.

ಇನ್ನೊಂದು, ಹೊತ್ತುಗೊತ್ತು ಇಲ್ಲ. ಎಂಡಿ ಯಾವಾಗ ಬೇಕಾದರೂ ಫೋನ್ ಮಾಡುತ್ತಾರೆ. ನಮ್ಮಲ್ಲಿ ಒಬ್ಬಳು ಹುಡುಗಿ ಇದ್ದಾಳೆ, 23 ವರ್ಷ, ಮೊದಲ ಕೆಲಸ. ಹೋದ ಗುರುವಾರ ರಾತ್ರಿ 11:40ಕ್ಕೆ ಅವಳಿಗೆ ಫೋನ್ ಮಾಡಿ, "ನಮ್ಮ ಸುದ್ದಿ ಯಾಕೆ ಮುಖಪುಟದಲ್ಲಿ ಬರಲಿಲ್ಲ, ನೀನು ಯಾತಕ್ಕೆ ಸಂಬಳ ತಗೋತೀಯ" ಅಂತ ಕೂಗಾಡಿದ್ದಾರೆ. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಬಂದವಳು ಹೆಗಲಿನ ಬ್ಯಾಗ್ ಕೂಡ ಇಳಿಸದೆ ಕುರ್ಚಿಯಲ್ಲಿ ಕೂತಿದ್ದಳು. ಕಾಫಿ ತಂದಿಟ್ಟರೂ ಮುಟ್ಟಲಿಲ್ಲ.

ದೇವನಹಳ್ಳಿ ಕಡೆಯ ಹೊಸ ಲೇಔಟ್‌ನ ಪ್ರೆಸ್ ನೋಟ್ ವಿಷಯದಲ್ಲೂ ಸ್ವಲ್ಪ ಕಿರಿಕಿರಿ ಇದೆ. ರೇರಾ ನಂಬರ್ (ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ ಸಂಖ್ಯೆ) ಇನ್ನೂ ಬಂದಿಲ್ಲ, ಆದರೂ "ಬುಕಿಂಗ್ ಶುರು" ಅಂತ ಹಾಕಿ ಅನ್ನುತ್ತಿದ್ದಾರೆ. ಅದನ್ನು ಹೇಗೋ ನಿಭಾಯಿಸುತ್ತೇನೆ.

ನನ್ನ ಪ್ರಶ್ನೆ ಇಷ್ಟೇ. ಇನ್ನೂ ಸಹಿಸಿಕೊಳ್ಳಲಾ, ಬಿಡಲಾ? ಬಿಡೋದಾದರೆ ಹೇಗೆ?

ಹುಬ್ಬಳ್ಳಿ_ಹವಾ · ರಾತ್ರಿ 11:04

ಮೂರು ತಿಂಗಳು ಕೊಡದವರು ನಾಲ್ಕನೇ ತಿಂಗಳು ಕೊಡುತ್ತಾರೆ ಅಂತ ಹೆಂಗ ನಂಬ್ತೀರಿ ಅಕ್ಕಾ? ಬಿಡ್ರಿ.

ಹಳೇ_ಪಿಆರ್‌ಓ · ರಾತ್ರಿ 11:20

ಬಿಡಿ ಅಂತ ಹೇಳೋದು ಸುಲಭ. ನಾನು 18 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಅರ್ಧ ಆದಾಯ ಒಂದೇ ದಿನ ನಿಂತರೆ ಮುಂದಿನ ತಿಂಗಳು ಬಾಡಿಗೆ ಯಾರು ಕೊಡುತ್ತಾರೆ? ನಾಲ್ಕು ಮನೆಯ ಒಲೆ ಇದರ ಮೇಲೆ ನಡೆಯುತ್ತಿದೆ. ಬಿಲ್ಡರ್‌ಗಳ ಕೈಯಲ್ಲಿ ದುಡ್ಡು ಓಡಾಡೋದೇ ಹಾಗೆ. ಸೈಟ್ ಮಾರಿದಾಗ ಬರುತ್ತದೆ, ಇಲ್ಲದಿದ್ದಾಗ ಇಲ್ಲ. ಮೊದಲು ಇನ್ನೊಂದು ಕ್ಲೈಂಟ್ ಹಿಡಿಯಿರಿ, ಆಮೇಲೆ ಇವರನ್ನು ಬಿಡಿ. ಈಜು ಬರದೆ ದೋಣಿಯಿಂದ ಹಾರಬೇಡಿ.

ರಾತ್ರಿ ಫೋನಿಗೆ ಉಪಾಯ ಇದೆ. ಜೂನಿಯರ್‌ಗಳ ನಂಬರ್ ಕ್ಲೈಂಟ್‌ಗೆ ಕೊಡಲೇಬಾರದು.

ಲೆಕ್ಕದ_ಪುಸ್ತಕ · ಮಂಗಳವಾರ ಬೆಳಿಗ್ಗೆ 7:15

ಮೇಡಂ, ನಾನು ಸಿಎ. ದುಡ್ಡಿನ ವಿಷಯ ಮಾತ್ರ ಹೇಳುತ್ತೇನೆ.

ನಿಮ್ಮದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಆಗಿದೆಯಾ? ಆಗಿದ್ದರೆ ನೀವು ಅಂದುಕೊಂಡಷ್ಟು ಕೈಲಾಗದವರಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದು ಸರಕು ಕೊಡುವವರಿಗೆ ಮಾತ್ರ ಅಲ್ಲ, ನಿಮ್ಮಂಥ ಸೇವೆ ಕೊಡುವವರಿಗೂ ಇದೆ. ಎಂಎಸ್‌ಎಂಇ ಇಲಾಖೆಯ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಕ್ಲೈಂಟ್‌ನ ಅಕೌಂಟ್ಸ್‌ನವರಿಗೆ ನಿಜವಾಗಿ ಚುರುಕು ಮುಟ್ಟಿಸೋದು ಬೇರೆ ಎರಡು ನಿಯಮ. 2024ರ ಏಪ್ರಿಲ್ 1ರಿಂದ ಜಾರಿಯಾದ ಆದಾಯ ತೆರಿಗೆ ನಿಯಮದಂತೆ, ಸಣ್ಣ ಉದ್ದಿಮೆಗೆ ಹೇಳಿದ ಗಡುವಿನೊಳಗೆ ಕೊಡದ ದುಡ್ಡನ್ನು ಅವರು ಖರ್ಚು ಅಂತ ತೋರಿಸುವಂತಿಲ್ಲ. ಯಾವ ವರ್ಷ ನಿಜವಾಗಿ ಕೊಡುತ್ತಾರೋ ಆ ವರ್ಷವೇ ತೋರಿಸಬೇಕು. ಇನ್ನೊಂದು, ಬಿಲ್ ಆಗಿ 180 ದಿನದಲ್ಲಿ ದುಡ್ಡು ಕೊಡದಿದ್ದರೆ ಅವರು ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ಟನ್ನೂ (ನಿಮ್ಮ ಬಿಲ್‌ನ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಂಡಿದ್ದನ್ನು) ವಾಪಸ್ ಕಟ್ಟಬೇಕು. ಈ ಎರಡನ್ನೂ ಮರ್ಯಾದೆಯಾಗಿ ಒಂದು ಮೇಲ್‌ನಲ್ಲಿ ಬರೆಯಿರಿ. ಎಂಡಿಗೆ ಅಲ್ಲ, ಅವರ ಫೈನಾನ್ಸ್ ಮುಖ್ಯಸ್ಥರಿಗೆ.

ಒಂದು ಬೇಸರದ ಸಂಗತಿಯನ್ನೂ ಹೇಳಬೇಕು. ಅವರು ದುಡ್ಡು ಕೊಡದೇ ಹೋದರೆ ನೀವು ಕಟ್ಟಿದ 94,500 ಸರ್ಕಾರದಿಂದ ವಾಪಸ್ ಬರೋದಿಲ್ಲ. ಮುಳುಗಿದ ಸಾಲಕ್ಕೆ ನಮ್ಮ ಜಿಎಸ್‌ಟಿಯಲ್ಲಿ ಪರಿಹಾರ ಇಲ್ಲ. ನೀವು ಇನ್ನೊಂದು ತಿಂಗಳು ಕಾದರೆ ಇನ್ನೊಂದು 31,500 ಸೇರಿಸಿದ ಹಾಗೆ.

ಹುಬ್ಬಳ್ಳಿ_ಹವಾ · ಬೆಳಿಗ್ಗೆ 7:40

ಸರ್, ಈಗ ಉದ್ಯಮ್ ಮಾಡಿಸಿದರೆ ಹಳೇ ಬಿಲ್‌ಗೂ ನಡೆಯುತ್ತಾ?

ಲೆಕ್ಕದ_ಪುಸ್ತಕ · ಬೆಳಿಗ್ಗೆ 7:52

ನೋಂದಣಿಗೆ ಮುಂಚಿನ ಬಿಲ್‌ಗಳಿಗೆ ತಕರಾರು ಬರುತ್ತದೆ. ಅದಕ್ಕೇ ಏಜೆನ್ಸಿ ಶುರು ಮಾಡಿದ ವಾರವೇ ಮಾಡಿಸಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಫೀಸ್ ಇಲ್ಲ, ಆನ್‌ಲೈನ್‌ನಲ್ಲೇ ಆಗುತ್ತದೆ.

ಡೆಸ್ಕಿನ_ದಿನಗಳು · ಬೆಳಿಗ್ಗೆ 9:10

ನಾನು 14 ವರ್ಷ ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲಿದ್ದವನು. ಮೇಡಂ, ನೀವು ಎಲ್ಲಕ್ಕಿಂತ ದೊಡ್ಡ ವಿಷಯವನ್ನು ಕೊನೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ರೇರಾ ನಂಬರ್ ಇಲ್ಲದ ಲೇಔಟ್‌ಗೆ "ಬುಕಿಂಗ್ ಶುರು" ಅಂತ ಪ್ರಕಟಣೆ ಕಳಿಸೋದು ಕಿರಿಕಿರಿ ಅಲ್ಲ. ಅದು ಓದುಗರಿಗೆ ಮಾಡುವ ಮೋಸ.

ಸಂಜೆ ಆರರ ಮೇಲೆ ಡೆಸ್ಕ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ರಾಶಿ ಮೇಲ್ ಬಿದ್ದಿರುತ್ತವೆ. ಎಲ್ಲವನ್ನೂ ತೆರೆಯಲು ಆಗೋದಿಲ್ಲ. ಕಳಿಸಿದವರ ಹೆಸರು ನೋಡುತ್ತೇವೆ. ಇವರ ನೋಟ್‌ನಲ್ಲಿ ಊರು, ತಾರೀಕು, ಹೆಸರು ಸರಿ ಇರುತ್ತದೆ ಅಂತ ಗೊತ್ತಿದ್ದರೆ ತೆರೆಯುತ್ತೇವೆ.

ಒಮ್ಮೆ ಒಂದು ಆಸ್ಪತ್ರೆಯ ಉಚಿತ ತಪಾಸಣಾ ಶಿಬಿರದ ಪ್ರಕಟಣೆ ಬಂತು. ಕಳಿಸಿದವರು ನಮಗೆ ತುಂಬಾ ಪರಿಚಯದ ಪಿಆರ್. ಹಾಕಿದೆವು. ಮರುದಿನ ಬೆಳಿಗ್ಗೆಯಿಂದ ಫೋನ್. "ಉಚಿತ ಅಂತ ಬರೆದಿದ್ದೀರಿ, ಇಲ್ಲಿ ನೋಂದಣಿಗೆ 300 ರೂಪಾಯಿ ಕೇಳುತ್ತಿದ್ದಾರೆ" ಅಂತ. ಒಬ್ಬರು ಅಜ್ಜ ಮಾಗಡಿಯಿಂದ ಬಸ್ ಹಿಡಿದು ಬಂದಿದ್ದರು. ನಮ್ಮ ರಿಸೆಪ್ಷನ್‌ಗೇ ಬಂದು, ಮಡಚಿದ ಪೇಪರ್ ಬಿಡಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ನಾವು ತಿದ್ದುಪಡಿ ಹಾಕಿದೆವು. ಆ ಪಿಆರ್‌ಗೆ ಫೀಸಿನ ವಿಷಯ ಮೊದಲೇ ಗೊತ್ತಿತ್ತು, ಕ್ಲೈಂಟ್ ಹೇಳಿದರು ಅಂತ ಕಳಿಸಿದ್ದರು. ಆಸ್ಪತ್ರೆ ಆರು ತಿಂಗಳಲ್ಲಿ ಬೇರೆ ಏಜೆನ್ಸಿಗೆ ಹೋಯಿತು. ಆದರೆ ಅವರ ಮೇಲ್ ಅನ್ನು ನಮ್ಮ ಡೆಸ್ಕ್ ಮತ್ತೆ ತೆರೆಯಲಿಲ್ಲ. ಅವರ ಉಳಿದ ಕ್ಲೈಂಟ್‌ಗಳೂ ಸೇರಿ ಎಲ್ಲರಿಗೂ ಬಾಗಿಲು ಮುಚ್ಚಿತು.

ನಿಮ್ಮ ಉಳಿದ ಐದು ಕ್ಲೈಂಟ್‌ಗಳನ್ನು ಉಳಿಸಿಕೊಳ್ಳಲು ಈ ಒಬ್ಬರನ್ನು ಬಿಡಬೇಕಾಗಬಹುದು.

ಬಸವನಗುಡಿ_ಬೆಳಗು · ಬೆಳಿಗ್ಗೆ 10:30

ಸರ್, ಆ ಅಜ್ಜನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೆ ಕ್ಲೈಂಟ್ ಹೇಳೋದು, "ಇದು ಜಾಹೀರಾತಲ್ಲ, ಸುದ್ದಿ. ದುಡ್ಡು ಕೊಟ್ಟು ಹಾಕಿಸುತ್ತಿಲ್ಲ. ರೇರಾ ನಿಯಮ ಜಾಹೀರಾತಿಗೆ ಮಾತ್ರ. ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತದೆ" ಅಂತ. ಅದು ಸರಿ ಇರಬಹುದಾ ಅಂತ ನನಗೂ ಒಂದು ಅನುಮಾನ ಇತ್ತು.

ಕೋರ್ಟ್‌ಹಾಲ್_ಕಾರಿಡಾರ್ · ಬೆಳಿಗ್ಗೆ 11:05

ಸರಿ ಇಲ್ಲ. 2016ರ ರೇರಾ ಕಾಯ್ದೆಯಲ್ಲಿ ಜಾಹೀರಾತು ಅಂದರೆ ಏನು ಅಂತ ಎರಡನೇ ಸೆಕ್ಷನ್‌ನಲ್ಲೇ ಇದೆ. ಯಾವುದೇ ಮಾಧ್ಯಮದಲ್ಲಿ ಬರುವ ನೋಟಿಸು, ಸುತ್ತೋಲೆ, ಯಾವುದೇ ರೂಪದ ಪ್ರಚಾರ, ಎಲ್ಲವೂ ಅದರೊಳಗೆ ಬರುತ್ತದೆ. ದುಡ್ಡು ಕೊಟ್ಟರಾ ಇಲ್ಲವಾ ಅನ್ನೋ ಪ್ರಶ್ನೆಯೇ ಇಲ್ಲ. ಮೂರನೇ ಸೆಕ್ಷನ್ ಪ್ರಕಾರ ನೋಂದಣಿ ಆಗದೆ ಪ್ರಚಾರ ಮಾಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ, ಮಾರುವಂತಿಲ್ಲ. ಅರ್ಜಿ ಹಾಕಿದ್ದರೆ ಸಾಲದು. ದಂಡ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ ಹೋಗುತ್ತದೆ.

ಸಣ್ಣ ಯೋಜನೆಗೆ ವಿನಾಯಿತಿ ಇದೆ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ನೋಂದಣಿ ಬೇಡ. ದೇವನಹಳ್ಳಿ ಕಡೆಯ ಲೇಔಟ್ ಅಷ್ಟು ಸಣ್ಣದಿರೋದು ಅನುಮಾನ.

ದಂಡ ಬೀಳೋದು ಬಿಲ್ಡರ್‌ಗೆ. ಆದರೆ ಯಾರ ಮೇಲ್‌ನಿಂದ ಹೋಯಿತು ಅನ್ನೋ ಪ್ರಶ್ನೆ ಬಂದಾಗ ನಿಮ್ಮ ಹೆಸರು ಮೊದಲು ಬರುತ್ತದೆ.

ಹಳೇ_ಪಿಆರ್‌ಓ · ಬೆಳಿಗ್ಗೆ 11:30

ಆ ನೋಟ್ ಕಳಿಸಬೇಡಿ, ಅದು ಸರಿ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ನೋಟ್ ಕಳಿಸಲ್ಲ ಅನ್ನೋದು ಬೇರೆ, ಕ್ಲೈಂಟನ್ನೇ ಬಿಡೋದು ಬೇರೆ. "ನಂಬರ್ ಬರಲಿ, ಮರುದಿನವೇ ಜೋರಾಗಿ ಮಾಡೋಣ" ಅಂತ ಹೇಳಿ. ಇಂಥದ್ದನ್ನು ಹತ್ತಾರು ಸಲ ಹಾಗೆಯೇ ದಾಟಿಸಿದ್ದೇನೆ. ಕ್ಲೈಂಟ್ ತಪ್ಪು ಕೇಳುತ್ತಾರೆ, ನಾವು ತಿದ್ದುತ್ತೇವೆ. ಅದಕ್ಕೇ ಅಲ್ವಾ ನಮಗೆ ಫೀಸು?

ಮಳೆನಾಡು_ಮಗಳು · ಮಧ್ಯಾಹ್ನ 12:15

ಆ ಹುಡುಗಿಯ ವಿಷಯ ಯಾಕೆ ಯಾರೂ ಮಾತಾಡುತ್ತಿಲ್ಲ? ಜಿಎಸ್‌ಟಿ ಆಯಿತು, ರೇರಾ ಆಯಿತು.

ನಾನು ಕೂಡ 22 ವರ್ಷಕ್ಕೆ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದು ಏಜೆನ್ಸಿ ಸೇರಿದವಳು. ಒಬ್ಬ ಕ್ಲೈಂಟ್ ದಿನಾ ರಾತ್ರಿ ಫೋನ್ ಮಾಡುತ್ತಿದ್ದರು. ಪಿಜಿಯಲ್ಲಿ ರೂಮ್‌ಮೇಟ್ ಮಲಗಿರುತ್ತಿದ್ದಳು ಅಂತ ಬಾತ್‌ರೂಮಿನಲ್ಲಿ ನಿಂತು "ಸರ್, ಸರ್" ಅನ್ನುತ್ತಿದ್ದೆ. ನಮ್ಮ ಬಾಸ್‌ಗೆ ಹೇಳಿದಾಗ "ದೊಡ್ಡ ಅಕೌಂಟ್ ಕಣಮ್ಮ, ಸ್ವಲ್ಪ ಹೊಂದಿಕೋ" ಅಂದರು. ಎಂಟು ತಿಂಗಳಿಗೆ ಕೆಲಸ ಬಿಟ್ಟೆ. ನನ್ನ ಹಿಂದೆ ಇನ್ನಿಬ್ಬರು ಬಿಟ್ಟರು. ಕ್ಲೈಂಟ್ ಉಳಿದರು, ಕೆಲಸ ಮಾಡೋರು ಉಳಿಯಲಿಲ್ಲ.

ನಂಬರ್ ಕೊಡಬೇಡಿ ಅನ್ನೋದು ಉಪಾಯ ಅಲ್ಲ ಸರ್. ಬೈಯೋರನ್ನು ಬಿಟ್ಟು ಬೈಸಿಕೊಳ್ಳೋರನ್ನು ಬಚ್ಚಿಡೋ ಹಾಗಾಯಿತು. ಅಕ್ಕ, ನೀವೇ ಫೋನ್ ಮಾಡಿ "ನಮ್ಮ ಹುಡುಗಿಯ ಹತ್ತಿರ ಹೀಗೆ ಮಾತಾಡುವಂತಿಲ್ಲ" ಅಂತ ಹೇಳಿದ್ದೀರಾ? ಇವತ್ತೇ ಹೇಳಿ. ಕೂಗಾಟ ದಾಟಿ ಬೇರೆ ಥರದ ಮಾತು ಏನಾದರೂ ಬಂದಿದ್ದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಹೊರಗಿನವರಿಂದ ಆದರೂ ನೌಕರರನ್ನು ಕಾಯುವ ಹೊಣೆ ಮಾಲೀಕರದ್ದೇ. ಹತ್ತು ಜನಕ್ಕಿಂತ ಕಡಿಮೆ ಇರುವ ಆಫೀಸಿನವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಹಳೇ_ಪಿಆರ್‌ಓ · ಮಧ್ಯಾಹ್ನ 12:40

ನಿಮ್ಮ ಮಾತು ಸರಿ ತಂಗಿ. ನಾನು ಹಾಗೆ ಯೋಚನೆ ಮಾಡಿರಲಿಲ್ಲ. ಮೊದಲು ಆ ಫೋನ್ ಆಗಬೇಕು.

ಬಸವನಗುಡಿ_ಬೆಳಗು · ಮಧ್ಯಾಹ್ನ 1:05

ಇಲ್ಲ, ಹೇಳಿರಲಿಲ್ಲ. ದುಡ್ಡು ಬಾಕಿ ಇದೆಯಲ್ಲ, ಈಗ ಮಾತು ಬೆಳೆಸೋದು ಬೇಡ ಅಂತ ಸುಮ್ಮನಿದ್ದೆ. ಅವಳ ಮುಖ ನೋಡುವಾಗೆಲ್ಲ ಅದೇ ಚುಚ್ಚುತ್ತಿತ್ತು. ಬೇರೆ ಥರದ ಮಾತು ಬಂದಿಲ್ಲ, ಅವಳನ್ನು ಕೂರಿಸಿಕೊಂಡು ಕೇಳಿದೆ.

ಕಂಪನಿ_ಕಡೆಯವನು · ಮಧ್ಯಾಹ್ನ 3:20

ಕ್ಲೈಂಟ್ ಕಡೆಯ ಮಾತನ್ನೂ ಕೇಳಿ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಂವಹನ ವಿಭಾಗ ನೋಡಿಕೊಳ್ಳುತ್ತೇನೆ. ಮೂರು ಏಜೆನ್ಸಿ ಬದಲಾಯಿಸಿದ್ದೇವೆ. ಪಿಚ್ ಮಾಡಲು, ಅಂದರೆ ಕೆಲಸ ಕೇಳಲು, ಬಂದಾಗ ದೊಡ್ಡವರೆಲ್ಲ ಬರುತ್ತಾರೆ. ಸಹಿ ಆದ ಮೇಲೆ ಅವರ ಮುಖ ಕಾಣೋದಿಲ್ಲ. ನಿನ್ನೆ ಮೊನ್ನೆ ಸೇರಿದ ಮಕ್ಕಳನ್ನು ನಮ್ಮ ಎಂಡಿ ಮುಂದೆ ಕೂರಿಸುತ್ತಾರೆ. ಆ ಮಕ್ಕಳಿಗೆ ನಮ್ಮ ಮೆಷಿನ್ ಏನು ಮಾಡುತ್ತದೆ ಅಂತಲೂ ಹೇಳಿಕೊಟ್ಟಿರೋದಿಲ್ಲ.

ಇನ್ನೊಂದು, ಮುಖಪುಟದಲ್ಲಿ ಹಾಕಿಸುತ್ತೇವೆ ಅನ್ನೋ ಆಸೆ ಹುಟ್ಟಿಸಿದವರು ಯಾರು? ಎಷ್ಟೋ ಏಜೆನ್ಸಿಗಳು ಪಿಚ್‌ನಲ್ಲೇ ಆ ಭರವಸೆ ಕೊಡುತ್ತವೆ. ಮೇಡಂ ಕೊಟ್ಟಿದ್ದಾರೆ ಅಂತ ಹೇಳುತ್ತಿಲ್ಲ. ಆದರೆ ಎಂಡಿಗಳ ಹತ್ತಿರ "ಆಗಲ್ಲ" ಅಂತ ಯಾರೂ ಹೇಳದೆ ಇರೋದರಿಂದಲೂ ಇಂಥ ಕೂಗಾಟ ಶುರುವಾಗುತ್ತದೆ. ಬಿಡುವ ಮುಂಚೆ ಒಮ್ಮೆ ಎದುರು ಕೂತು ಮಾತಾಡಿ. ಫೋನ್‌ನಲ್ಲಿ ಅಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಅಲ್ಲ. ನಮ್ಮ ಹಳೆಯ ಏಜೆನ್ಸಿಯವರು ಒಂದು ದಿನ ಇದ್ದಕ್ಕಿದ್ದ ಹಾಗೆ ಮೇಲ್ ಕಳಿಸಿ ಬಿಟ್ಟರು. ಅವರಿಗೆ ಬೇಜಾರಿದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ಡೆಸ್ಕಿನ_ದಿನಗಳು · ಮಧ್ಯಾಹ್ನ 3:45

ಮುಖಪುಟದ ಭರವಸೆ ಕೊಡುವ ಏಜೆನ್ಸಿಯನ್ನು ನೀವೂ ನಂಬಬಾರದು ಸರ್. ಮುಖಪುಟದಲ್ಲಿ ಏನು ಬರಬೇಕು ಅಂತ ತೀರ್ಮಾನ ಆಗೋದು ಸಂಜೆ ಎಡಿಟೋರಿಯಲ್ ಮೀಟಿಂಗ್‌ನಲ್ಲಿ. ಅದು ಪಿಆರ್ ಕೈಯಲ್ಲಿಲ್ಲ.

ಕ್ಲಿಪಿಂಗ್_ಫೈಲು · ಸಂಜೆ 4:10

ಇದರ ಜೊತೆಗೇ ಸ್ಕೇಲ್ ಹಿಡಿದು ಅಳೆಯೋ ರೋಗ ಇದೆ. ಎಷ್ಟು ಕಾಲಂ ಸೆಂಟಿಮೀಟರ್ ಬಂತು, ಜಾಹೀರಾತು ದರದಲ್ಲಿ ಗುಣಿಸಿದರೆ ಎಷ್ಟು ಲಕ್ಷ ಅಂತ ಪ್ರತಿ ತಿಂಗಳು ವರದಿ ಕೊಡಬೇಕು. ಈ ಲೆಕ್ಕಕ್ಕೆ ಅರ್ಥ ಇಲ್ಲ ಅಂತ 2010ರಲ್ಲೇ ಬಾರ್ಸಿಲೋನಾ ತತ್ವಗಳಲ್ಲಿ (ಪಿಆರ್ ಕೆಲಸವನ್ನು ಹೇಗೆ ಅಳೆಯಬೇಕು ಅನ್ನೋ ಸೂತ್ರಗಳು) ಪಿಆರ್ ಲೋಕವೇ ಒಪ್ಪಿಕೊಂಡಿದೆ. ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಸುದ್ದಿ ಕೆಟ್ಟದಾಗಿ ಬಂದರೂ ಸೆಂಟಿಮೀಟರ್ ಜಾಸ್ತಿ ಇದ್ದರೆ ಲಕ್ಷ ಜಾಸ್ತಿ!

ಹುಬ್ಬಳ್ಳಿ_ಹವಾ · ಸಂಜೆ 4:25

ವಿಷಯ ಸ್ವಲ್ಪ ಬೇರೆ, ಆದರೂ ಹೇಳಿಬಿಡುತ್ತೇನೆ. ಬೆಂಗಳೂರಿನ ಏಜೆನ್ಸಿಗಳು ಹುಬ್ಬಳ್ಳಿ, ಕಲಬುರಗಿ ಪತ್ರಿಕೆಗಳಿಗೆ ಕಳಿಸೋ ಕನ್ನಡ ಪ್ರೆಸ್ ನೋಟ್ ನೋಡಿದರೆ ಹೊಟ್ಟೆ ಉರಿಯುತ್ತದೆ. ಇಂಗ್ಲಿಷ್ ನೋಟನ್ನು ಯಂತ್ರಕ್ಕೆ ಹಾಕಿ ತೆಗೆದು ಹಂಗೇ ಕಳಿಸ್ತಾರೆ. ಅಂಥದ್ದನ್ನು ಯಾರು ಹಾಕುತ್ತಾರೆ? ಆಮೇಲೆ ಕ್ಲೈಂಟ್‌ಗೆ "ಉತ್ತರ ಕರ್ನಾಟಕದಲ್ಲಿ ಕವರೇಜ್ ಸಿಗಲ್ಲ" ಅನ್ನೋದು.

ಡೆಸ್ಕಿನ_ದಿನಗಳು · ಸಂಜೆ 4:31

ನೂರಕ್ಕೆ ನೂರು ನಿಜ. ಒಳ್ಳೆ ಕನ್ನಡದಲ್ಲಿ ಬರೆದ ಎರಡು ಪ್ಯಾರಾ ಬಂದರೆ ಡೆಸ್ಕ್‌ನವರು ಕೈ ಮುಗಿದು ಹಾಕುತ್ತಾರೆ.

ಮೈಸೂರು_ಮಲ್ಲಿಗೆ_ಹೂ · ಸಂಜೆ 5:50

ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಯಾವ ಕ್ಲೈಂಟೂ ಆದಾಯದ ಕಾಲು ಭಾಗಕ್ಕಿಂತ ಜಾಸ್ತಿ ಆಗಬಾರದು. ಆಗುತ್ತಿದೆ ಅಂತ ಗೊತ್ತಾದರೆ ಆ ತಿಂಗಳೇ ಹೊಸ ಕ್ಲೈಂಟ್ ಹುಡುಕಲು ಶುರು. ಅರ್ಧ ಆದಾಯ ಕೊಡೋರಿಗೆ "ಇಲ್ಲ" ಅನ್ನಲು ನಾಲಿಗೆ ಏಳೋದಿಲ್ಲ.

ಹಳೇ_ಪಿಆರ್‌ಓ · ಸಂಜೆ 6:05

ಇದು ದೊಡ್ಡ ಏಜೆನ್ಸಿಗೆ ಸರಿ ಮೇಡಂ. ಶುರುವಿನಲ್ಲಿ ಎಲ್ಲರಿಗೂ ಒಂದೇ ಕ್ಲೈಂಟ್ ಇರೋದು. ಅಲ್ಲಿ ಶೇ 100.

ಮೈಸೂರು_ಮಲ್ಲಿಗೆ_ಹೂ · ಸಂಜೆ 6:12

ಶುರುವಿನ ಮಾತು ಬೇರೆ ಸರ್. ಇವರು ಆರು ಕ್ಲೈಂಟ್ ಮಾಡಿಕೊಂಡಿದ್ದಾರೆ. ಆ ಐದು ಜನರಿಗೆ ಸಿಗಬೇಕಾದ ಹೊತ್ತನ್ನೂ ಈ ಒಬ್ಬರೇ ತಿನ್ನುತ್ತಿದ್ದಾರೆ. ಯಾವ ಕ್ಲೈಂಟ್‌ಗೆ ಎಷ್ಟು ಗಂಟೆ ಹೋಯಿತು ಅಂತ ಒಂದು ವಾರ ಬರೆದಿಟ್ಟು ನೋಡಿ ಮೇಡಂ. ನಾನು ಹಾಗೆ ಬರೆದಾಗಲೇ ಗೊತ್ತಾಗಿದ್ದು, ನನ್ನ ಅತಿ ದೊಡ್ಡ ಕ್ಲೈಂಟ್‌ನಿಂದ ಗಂಟೆಗೆ ಬರುತ್ತಿದ್ದ ದುಡ್ಡು ಎಲ್ಲಕ್ಕಿಂತ ಕಡಿಮೆ ಅಂತ.

ಥೇಮ್ಸ್_ದಂಡೆ · ರಾತ್ರಿ 9:30

ಲಂಡನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಈ ಕೆಲಸದಲ್ಲಿರುವವರು ಯಾರೂ ಮರೆಯದ ಕಥೆ ಬೆಲ್ ಪಾಟಿಂಗರ್‌ದು. ಬ್ರಿಟನ್ನಿನ ಬಹಳ ದೊಡ್ಡ ಪಿಆರ್ ಸಂಸ್ಥೆ. 2016ರಲ್ಲಿ ದಕ್ಷಿಣ ಆಫ್ರಿಕಾದ ಗುಪ್ತಾ ಕುಟುಂಬದ ಓಕ್‌ಬೇ ಕಂಪನಿಯ ಕೆಲಸ ಹಿಡಿದರು. ಗುಪ್ತಾಗಳು ನಮ್ಮ ಉತ್ತರ ಪ್ರದೇಶದ ಸಹಾರನ್‌ಪುರದವರು. ಫೀಸು ತಿಂಗಳಿಗೆ 1 ಲಕ್ಷ ಪೌಂಡ್. ಗುಪ್ತಾಗಳ ಮೇಲಿನ ಭ್ರಷ್ಟಾಚಾರದ ಆರೋಪದಿಂದ ಜನರ ಗಮನ ಬೇರೆ ಕಡೆ ತಿರುಗಿಸಲು "ಬಿಳಿಯರ ಬಂಡವಾಳದ ಏಕಸ್ವಾಮ್ಯ" ಅನ್ನೋ ಮಾತನ್ನು ಹಬ್ಬಿಸಿದರು. ಮೊದಲೇ ವರ್ಣಭೇದದಿಂದ ನೊಂದ ದೇಶ ಅದು. ಅಲ್ಲಿ ಮತ್ತೆ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಅವರು ಕ್ಲೈಂಟನ್ನು ಬಿಡಲಿಲ್ಲ ಅಂತಲ್ಲ. 2017ರ ಏಪ್ರಿಲ್‌ನಲ್ಲಿ ಬಿಟ್ಟರು. ಜುಲೈನಲ್ಲಿ ಕ್ಷಮೆಯನ್ನೂ ಕೇಳಿದರು. ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು. ಸೆಪ್ಟೆಂಬರ್ 4ಕ್ಕೆ ಇಲ್ಲಿನ ಪಿಆರ್ ಸಂಘ ಅವರನ್ನು ಕನಿಷ್ಠ ಐದು ವರ್ಷಕ್ಕೆ ಹೊರಹಾಕಿತು. ಉಳಿದ ಕ್ಲೈಂಟ್‌ಗಳು ಒಬ್ಬೊಬ್ಬರಾಗಿ ಹೋದರು. ಸೆಪ್ಟೆಂಬರ್ 12ರ ಹೊತ್ತಿಗೆ ಸಂಸ್ಥೆ ದಿವಾಳಿ ಎದ್ದು, ಅದನ್ನು ನೋಡಿಕೊಳ್ಳಲು ನೇಮಿಸಿದ ಆಡಳಿತಗಾರರ ಕೈ ಸೇರಿತು. ಎಂಟು ದಿನ, ಅಷ್ಟೇ.

ಮೇಡಂ, ನಿಮ್ಮದು ಅಷ್ಟು ದೊಡ್ಡ ವಿಷಯ ಅಲ್ಲ. ಆದರೆ ನೋಟ್ ಕಳಿಸಿದ ಮೇಲೆ ಬಿಡೋದಕ್ಕೂ ಕಳಿಸುವ ಮುಂಚೆ ಬಿಡೋದಕ್ಕೂ ಇರುವ ವ್ಯತ್ಯಾಸ ಇಲ್ಲೂ ಅದೇ.

ಕೋರ್ಟ್‌ಹಾಲ್_ಕಾರಿಡಾರ್ · ರಾತ್ರಿ 9:55

ನಮ್ಮಲ್ಲೂ ನೀತಿಸಂಹಿತೆ ಇಲ್ಲದೇ ಇಲ್ಲ. ಭಾರತದ ಪಿಆರ್ ಸೊಸೈಟಿ 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನದಲ್ಲಿ ಅದನ್ನು ಒಪ್ಪಿಕೊಂಡಿತು. ಏಪ್ರಿಲ್ 21ನ್ನು ರಾಷ್ಟ್ರೀಯ ಪಿಆರ್ ದಿನ ಅಂತ ಆಚರಿಸೋದು ಅದಕ್ಕೇ.

ಕೈ_ಸುಟ್ಟುಕೊಂಡವ · ಬುಧವಾರ ಬೆಳಿಗ್ಗೆ 8:05

ಎಲ್ಲರೂ ಬಿಡಿ ಅನ್ನುತ್ತಿದ್ದೀರಿ. ಹೇಗೆ ಬಿಡಬಾರದು ಅಂತ ನಾನು ಹೇಳುತ್ತೇನೆ.

ನಾನು ಒಂದು ಶಿಕ್ಷಣ ಸಂಸ್ಥೆಯ ಪಿಆರ್ ಬಿಟ್ಟಿದ್ದು ಸಿಟ್ಟಿನಲ್ಲಿ. ರಾತ್ರಿ ಹನ್ನೆರಡಕ್ಕೆ ಎರಡು ಪುಟದ ಮೇಲ್ ಬರೆದು, ಎರಡು ವರ್ಷದ ನೋವೆಲ್ಲ ಅದರಲ್ಲಿ ತುಂಬಿ ಕಳಿಸಿದೆ. ಬೆಳಿಗ್ಗೆ ಅದು ಅವರ ಟ್ರಸ್ಟಿಗಳ ಗುಂಪಿನಲ್ಲೆಲ್ಲ ಓಡಾಡಿತ್ತು. ನೋಟಿಸ್ ಅವಧಿ ಕೊಡಲಿಲ್ಲ ಅಂತ ಒಪ್ಪಂದ ತೋರಿಸಿ ಬಾಕಿ ಎರಡು ತಿಂಗಳ ಫೀಸನ್ನೂ ಹಿಡಿದುಕೊಂಡರು. ಆ ವಾರ ಅವರ ಪ್ರಾಂಶುಪಾಲರ ಸಂದರ್ಶನ ನಿಗದಿಯಾಗಿತ್ತು. ನಾನು ಕೈಬಿಟ್ಟಿದ್ದರಿಂದ ಆ ವರದಿಗಾರರು ಕಾದು ಕಾದು ವಾಪಸ್ ಹೋದರು. ಅವರು ಏನು ತಪ್ಪು ಮಾಡಿದ್ದರು?

ಈಗ ಹೀಗೆ ಮಾಡುತ್ತೇನೆ. ಒಪ್ಪಂದದಲ್ಲಿರುವ ನೋಟಿಸ್ ಅವಧಿ ಕೊಡುತ್ತೇನೆ. ಪತ್ರ ನಾಲ್ಕೇ ಸಾಲು. ದೂರು ಇಲ್ಲ. ನಡೆಯುತ್ತಿರುವ ಕೆಲಸ ಯಾವುದು, ಯಾವ ವರದಿಗಾರರಿಗೆ ಏನು ಮಾತು ಕೊಟ್ಟಿದೆ, ಪಾಸ್‌ವರ್ಡ್‌ಗಳು, ಫೋಟೊಗಳು, ಎಲ್ಲ ಒಂದು ಪಟ್ಟಿ ಮಾಡಿ ಕೊಟ್ಟು, ಕೊಟ್ಟಿದ್ದಕ್ಕೆ ಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಹೊಸ ಏಜೆನ್ಸಿ ಬಂದರೆ ಒಂದು ಗಂಟೆ ಕೂತು ಹೇಳಿಕೊಡುತ್ತೇನೆ. ಪ್ರೆಸ್‌ಕ್ಲಬ್‌ನಲ್ಲಿ ಯಾರು ಎಷ್ಟು ಕೆದಕಿದರೂ ಆ ಕ್ಲೈಂಟ್ ಬಗ್ಗೆ ಬಾಯಿ ಬಿಡೋದಿಲ್ಲ.

ಬಸವನಗುಡಿ_ಬೆಳಗು · ಬೆಳಿಗ್ಗೆ 8:40

ಸರ್, ನಮ್ಮ ಒಪ್ಪಂದದಲ್ಲಿ 30 ದಿನದ ನೋಟಿಸ್ ಇದೆ. "ಬಿಟ್ಟ ಮೇಲೆ ಎರಡು ವರ್ಷ ಬೇರೆ ಬಿಲ್ಡರ್‌ಗೆ ಕೆಲಸ ಮಾಡುವಂತಿಲ್ಲ" ಅಂತಲೂ ಇದೆ. ಅದಕ್ಕೇ ಹೆದರಿಕೆ.

ಕೋರ್ಟ್‌ಹಾಲ್_ಕಾರಿಡಾರ್ · ಬೆಳಿಗ್ಗೆ 9:00

1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ನೋಡಿ. ದುಡಿಯೋದನ್ನು ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ಒಪ್ಪಂದ ಮುಗಿದ ಮೇಲೆ ಇಂಥ ಷರತ್ತು ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲೋದಿಲ್ಲ. ಆದರೆ ಗುಟ್ಟು ಕಾಯುವ ಷರತ್ತು ನಿಲ್ಲುತ್ತದೆ. ಅವರ ಬೆಲೆ, ಯೋಜನೆ, ಒಳಗಿನ ಮಾತು, ಯಾವುದನ್ನೂ ಬೇರೆಯವರಿಗೆ ಹೇಳುವಂತಿಲ್ಲ. ಸಹಿ ಮಾಡಿದ ಪ್ರತಿ ಹಿಡಿದು ಒಮ್ಮೆ ನಿಮ್ಮ ವಕೀಲರಿಗೆ ತೋರಿಸಿ.

ಮಳೆನಾಡು_ಮಗಳು · ಗುರುವಾರ ರಾತ್ರಿ 8:15

ಅಕ್ಕ, ಏನಾಯಿತು? ಫೋನ್ ಮಾಡಿದಿರಾ?

ಬಸವನಗುಡಿ_ಬೆಳಗು · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ಹೇಳಬೇಕು ಅಂತಲೇ ಕೂತೆ. ನಿನ್ನೆ ಅವರ ಆಫೀಸಿಗೇ ಹೋಗಿದ್ದೆ. ಎದುರು ಕೂತು ಮಾತಾಡಿ ಅಂದಿದ್ದು ಒಳ್ಳೆಯದಾಯಿತು.

ಮೊದಲು ಹುಡುಗಿಯ ವಿಷಯ ಎತ್ತಿದೆ. ದುಡ್ಡಿಗಿಂತ ಮುಂಚೆ. ಎಂಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವತ್ತು ಬ್ಯಾಂಕಿನವರ ತಲೆನೋವಿತ್ತು, ತಪ್ಪಾಯಿತು" ಅಂದರು. ರಾತ್ರಿ ಎಂಟರ ಮೇಲೆ ನನಗೆ ಮಾತ್ರ ಫೋನ್ ಅಂತ ಒಪ್ಪಿದರು. ಒಂದು ತಿಂಗಳ ದುಡ್ಡು ಅಲ್ಲೇ ಹಾಕಿಸಿದರು. ಉಳಿದ ಎರಡು ತಿಂಗಳದ್ದಕ್ಕೆ ಫೈನಾನ್ಸ್‌ನವರಿಂದ ಮೇಲ್ ಬಂತು, ತಾರೀಕು ಹಾಕಿ. ಲೆಕ್ಕದ ಪುಸ್ತಕ ಸರ್, ನೀವು ಹೇಳಿದ ಎರಡು ಸಾಲು ಬರೆದಿದ್ದೆ. ಅದು ಕೆಲಸ ಮಾಡಿತು.

ಇಷ್ಟೆಲ್ಲ ಆದಾಗ, ಉಳಿಯಬಹುದು ಅಂತ ನನಗೆ ನಿಜವಾಗಿಯೂ ಅನಿಸಿತು. ಕಾಫಿ ಬಂತು, ಕುಡಿದೆವು. ಆಮೇಲೆ ಅವರು ಲ್ಯಾಪ್‌ಟಾಪ್ ತಿರುಗಿಸಿ ಪ್ರೆಸ್ ನೋಟ್ ತೋರಿಸಿದರು. ನಾನು ಕೊನೆಯಲ್ಲಿ ಬರೆದಿದ್ದ ಒಂದು ಸಾಲಿತ್ತು, "ರೇರಾ ನೋಂದಣಿ ಸಂಖ್ಯೆ" ಅಂತ, ಮುಂದೆ ಖಾಲಿ ಜಾಗ. ನಂಬರ್ ಬಂದ ಮೇಲೆ ತುಂಬೋಣ ಅಂತ ಬಿಟ್ಟಿದ್ದೆ. ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದಿದ್ದರು. "ಬುಕಿಂಗ್ ಶುರು" ಅನ್ನೋದು ತಲೆಬರಹದಲ್ಲಿ ದಪ್ಪ ಅಕ್ಷರದಲ್ಲಿತ್ತು. ನಂಬರ್ ಬಂದ ಮರುದಿನವೇ ದೊಡ್ಡದಾಗಿ ಮಾಡೋಣ ಅಂದೆ, ಹಳೇ ಪಿಆರ್‌ಓ ಸರ್ ಹೇಳಿದ ಹಾಗೆ. ಎರಡು ಸಲ ಹೇಳಿದೆ. "ಅಷ್ಟು ದಿನ ಕಾಯಲು ಆಗಲ್ಲ. ನಮ್ಮ ಹೆಸರಿನ ಮೇಲ್ ಬೇಡ, ನಿಮ್ಮ ಮೇಲ್‌ನಿಂದ ಹೋಗಲಿ" ಅಂದರು.

ನಿಮ್ಮ ಮೇಲ್‌ನಿಂದ ಹೋಗಲಿ ಅಂದರಲ್ಲ, ಅಲ್ಲಿಗೆ ನನಗೆ ಮುಗಿಯಿತು. ತಪ್ಪು ಅಂತ ಅವರಿಗೂ ಗೊತ್ತಿದೆ. ಗೊತ್ತಿದ್ದೇ ನನ್ನನ್ನು ಮುಂದೆ ನಿಲ್ಲಿಸುತ್ತಿದ್ದಾರೆ.

ಇವತ್ತು ಬೆಳಿಗ್ಗೆ 30 ದಿನದ ನೋಟಿಸ್ ಕೊಟ್ಟೆ. ನಾಲ್ಕೇ ಸಾಲು. ಆ ನೋಟ್ ಕಳಿಸೋದಿಲ್ಲ ಅಂತ ಬೇರೆ ಮೇಲ್‌ನಲ್ಲಿ ಬರೆದೆ. ನಾಳೆ ಇಬ್ಬರು ವರದಿಗಾರರನ್ನು ಸೈಟ್ ನೋಡಲು ಕರೆದಿದ್ದೆವು. ಇಬ್ಬರಿಗೂ ನಾನೇ ಫೋನ್ ಮಾಡಿ "ಈಗ ಬೇಡ" ಅಂದೆ. ಯಾಕೆ ಅಂತ ಹೇಳಲಿಲ್ಲ.

ಹುಡುಗಿಗೆ ಹೇಳಿದಾಗ ಮೊದಲು ಕೇಳಿದ್ದು, "ಮೇಡಂ, ನನ್ನಿಂದ ಹೀಗಾಯಿತಾ?" ಅಂತ. ಅಲ್ಲ ಅಂತ ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು. ಮುಂದಿನ ತಿಂಗಳಿಂದ ನನ್ನ ಸಂಬಳ ನಿಲ್ಲಿಸಿ ಉಳಿದ ಮೂವರದ್ದು ಕೊಡಬಹುದು ಅಂತ ಲೆಕ್ಕ ಹಾಕಿದ್ದೇನೆ. ಹೆದರಿಕೆ ಇದೆ.

ಹಳೇ_ಪಿಆರ್‌ಓ · ರಾತ್ರಿ 10:02

ನಾನಾಗಿದ್ದರೆ ಇನ್ನೂ ಎರಡು ತಿಂಗಳು ಎಳೆಯುತ್ತಿದ್ದೆ ಮೇಡಂ. ಆದರೆ "ನಿಮ್ಮ ಮೇಲ್‌ನಿಂದ" ಅಂದ ಮೇಲೆ ನಾನೂ ಏಳುತ್ತಿದ್ದೆ. ನನ್ನ ಹತ್ತಿರ ಈ ತಿಂಗಳು ಎರಡು ಕಾರ್ಯಕ್ರಮದ ಕೆಲಸ ಜಾಸ್ತಿ ಇದೆ. ನಿಮ್ಮ ತಂಡಕ್ಕೆ ಕೊಡಬಲ್ಲೆ. ಮೆಸೇಜ್ ಮಾಡಿ.

ಹುಬ್ಬಳ್ಳಿ_ಹವಾ · ರಾತ್ರಿ 10:06

ಅಕ್ಕಾ, ಧಾರವಾಡ ಕಡೆ ಕನ್ನಡ ನೋಟ್ ಬರೆದು ಕೊಡೋರು ಬೇಕಾಗಿದ್ದಾರೆ. ಚೆಂದ ಕನ್ನಡ ಬರೆಯೋರು ಬೇಕು ಅಂತ ಕೇಳಾಕತ್ತಾರ. ನಿಮ್ಮ ಹುಡುಗಿ ಬರೀತಾಳೇನು?

ಬಸವನಗುಡಿ_ಬೆಳಗು · ರಾತ್ರಿ 10:15

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅವಳು ಕೊಪ್ಪಳದವಳು, ಕನ್ನಡ ತುಂಬಾ ಚೆನ್ನಾಗಿ ಬರೆಯುತ್ತಾಳೆ. ನಾಳೆಯೇ ಫೋನ್ ಮಾಡಿಸುತ್ತೇನೆ.

ಒಂದೇ ಒಂದು ಕೇಳೋದಿದೆ. ಒಬ್ಬ ವರದಿಗಾರರು ಆಗಲೇ ಮೆಸೇಜ್ ಮಾಡಿದ್ದಾರೆ, "ಸೈಟ್ ಭೇಟಿ ಯಾಕೆ ಬಿಟ್ಟಿರಿ, ಆ ಪ್ರಾಜೆಕ್ಟ್‌ನಲ್ಲಿ ಏನಾದರೂ ಇದೆಯಾ?" ಅಂತ. ಏನು ಹೇಳಲಿ?

ಡೆಸ್ಕಿನ_ದಿನಗಳು · ರಾತ್ರಿ 10:24

"ನಾವು ಆ ಕೆಲಸ ಬಿಡುತ್ತಿದ್ದೇವೆ, ಪ್ರಾಜೆಕ್ಟ್ ಬಗ್ಗೆ ಕಂಪನಿಯನ್ನೇ ಕೇಳಿ" ಅಂತ ಹೇಳಿ, ಅಷ್ಟೇ ಸಾಕು. ಸುಳ್ಳೂ ಹೇಳಿದ ಹಾಗಾಗಲಿಲ್ಲ, ಗುಟ್ಟೂ ಬಿಟ್ಟ ಹಾಗಾಗಲಿಲ್ಲ. ಯಾವ ಯೋಜನೆ ನೋಂದಣಿ ಆಗಿದೆ ಅಂತ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಒಳ್ಳೆಯ ವರದಿಗಾರರಾದರೆ ಅವರೇ ನೋಡಿಕೊಳ್ಳುತ್ತಾರೆ.

ಲೆಕ್ಕದ_ಪುಸ್ತಕ · ರಾತ್ರಿ 10:41

ಮೇಡಂ, ನೋಟಿಸ್ ಅವಧಿಯ 30 ದಿನಕ್ಕೂ ಬಿಲ್ ಹಾಕಬೇಕು, ಸುಮ್ನೆ ಬಿಟ್ಟುಬಿಡಬೇಡಿ. ಆ ಬಿಲ್‌ನಲ್ಲಿ ಉದ್ಯಮ್ ನಂಬರ್ ಎದ್ದು ಕಾಣುವ ಹಾಗೆ ಹಾಕಿ.

ಬಸವನಗುಡಿ_ಬೆಳಗು · ರಾತ್ರಿ 10:44

ಆಯಿತು ಸರ್. ಈಗಲೇ ಬಿಲ್ ತೆರೆದು ಕೂತಿದ್ದೇನೆ.